ಒರೆಸುವ ಮೊದಲು ಹಾಡಿಸಿ

ಹಳೆಯ ರೆಕಾರ್ಡ್ ಪ್ಲೇಯರ್ ಒಂದು ಕೈಗೆ ಬಂದ ಕೂಡಲೇ ನೀವು ಮಾಡುವ ಮೊದಲ ಕೆಲಸ ಏನೆಂದು ನನಗೆ ಗೊತ್ತು. ಒದ್ದೆ ಬಟ್ಟೆ ತೆಗೆದುಕೊಂಡು ಒರೆಸುತ್ತೀರಿ. ಧೂಳು ಹೋಗಿ ಕೆಳಗಿನ ಬಣ್ಣ ಕಂಡಾಗ ಮೈ ಜುಮ್ಮೆನ್ನುತ್ತದೆ. ನನಗೂ ಹಾಗೇ ಆಗುತ್ತಿತ್ತು. ಮೂವತ್ತೈದು ವರ್ಷ ಇದೇ ಕಸುಬು ಮಾಡಿ, ಕಣ್ಣಿಗೆ ಪೊರೆ ಬಂದು, ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಮೇಲೆ ಹೇಳುತ್ತಿದ್ದೇನೆ: ಆ ಜುಮ್ಮೆನ್ನುವುದನ್ನು ನಂಬಬೇಡಿ. ಅಂಥ ಒಂದು ಬಟ್ಟೆಯಿಂದ ನಾನು ಒಬ್ಬ ದೊಡ್ಡ ಮನುಷ್ಯರ ಮಾತನ್ನೇ ಒರೆಸಿಹಾಕುವುದರಲ್ಲಿದ್ದೆ.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ನನ್ನ ನೆನಪಿನ ಮೇಲೆ ನನಗೆ ಭರವಸೆ ಇಲ್ಲ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು ನಾನು. ಅಳೆಯದೆ ಏನನ್ನೂ ಒಪ್ಪಬೇಡ ಎಂದು ಅಲ್ಲಿ ಕಲಿಸಿದರು. ನೆನಪನ್ನು ಅಳೆಯುವ ಸಾಧನ ಇನ್ನೂ ಯಾರೂ ಮಾಡಿಲ್ಲ. ಆದ್ದರಿಂದ ಎಲ್ಲಿ ಅನುಮಾನ ಬರುತ್ತದೋ ಅಲ್ಲಿ ಹೇಳಿಯೇ ಮುಂದೆ ಹೋಗುತ್ತೇನೆ. ಬಹಳ ಸಲ ಹೇಳಿದರೆ ಬೇಸರಿಸಬೇಡಿ.

ನನ್ನ ಉಸ್ತಾದರ ಹೆಸರು ಚಾಂದ್ ಸಾಬ. ಬೀದರದ ಗಾಂಧಿ ಗಂಜ ಎಂಬ ಧಾನ್ಯದ ಪೇಟೆಯ ಹಿಂದೆ, ತೊಗರಿಯ ಚೀಲ ಹೊತ್ತ ಹಮಾಲರು ಮೈಗೆ ತಾಗಿಕೊಂಡೇ ಹೋಗುವಷ್ಟು ಇಕ್ಕಟ್ಟಿನ ಓಣಿಯಲ್ಲಿ ಅವರ ಅಂಗಡಿ. ಅಲ್ಲಿ ದುರಸ್ತಿಗೆ ಬರುತ್ತಿದ್ದುದು ಹೆಚ್ಚಾಗಿ ಕೈಯಲ್ಲಿ ಹಿಡಿದು ಒಯ್ಯುವ ಗ್ರಾಮಫೋನು. ಮುಚ್ಚಿದರೆ ಸಣ್ಣ ಟ್ರಂಕು, ತೆರೆದರೆ ಕಚೇರಿ. ಕರೆಂಟು ಬೇಡ, ಪಕ್ಕದ ತೂತಿಗೆ ಹ್ಯಾಂಡಲ್ ಹಾಕಿ ಕೀಲಿ ಕೊಟ್ಟರೆ ಸಾಕು. ನಮ್ಮ ಕಡೆ ಇದಕ್ಕೆ ಬಾಜಾ ಪೆಟ್ಟಿಗಿ ಅನ್ನುತ್ತಿದ್ದರು. ಊರಲ್ಲಿ ಒಂದು ಪೆಟ್ಟಿಗಿ ಇದ್ದರೆ ಸುತ್ತಲಿನ ನಾಲ್ಕು ಊರಿನ ಮದುವೆ, ನಾಮಕರಣ ಎಲ್ಲಕ್ಕೂ ಅದೇ ಹೋಗುತ್ತಿತ್ತು.

ಕೆಲಸ ಕೇಳಲು ಹೋದ ದಿನ ಉಸ್ತಾದರು ಒಂದು ಪೆಟ್ಟಿಗೆಯ ಮುಂದೆ ಕುಳಿತು ಬೇವಿನ ಕಡ್ಡಿ ಕಚ್ಚಿಕೊಂಡಿದ್ದರು. ಹಲ್ಲುಜ್ಜುತ್ತಿದ್ದಾರೆ ಅಂದುಕೊಂಡೆ. ನೋಡಿದರೆ ಕಡ್ಡಿಯ ಇನ್ನೊಂದು ತುದಿ ಒಳಗೆ ತಿರುಗುವ ಸ್ಪ್ರಿಂಗ್ ಮೋಟಾರಿಗೆ ತಾಗಿತ್ತು. ಕಣ್ಣು ಮುಚ್ಚಿ, ಹಲ್ಲಿನಿಂದ ಮೋಟಾರಿನ ಸದ್ದು ಕೇಳುತ್ತಿದ್ದರು.

"ಎಷ್ಟ್ ಓದೀರಿ?" ಅಂದರು ಕಡ್ಡಿ ತೆಗೆಯದೆ.

"ಎಂ.ಎಸ್ಸಿ. ಆಗ್ಯಾದ್ರಿ."

"ಹಂಗಾರ ಇದು ಕಚ್ರಿ. ಏನ್ ಕೇಳ್ತದ ಹೇಳ್ರಿ."

ಕಚ್ಚಿದೆ. ತಲೆಬುರುಡೆಯ ತುಂಬ ಜೇನು ಹೊಕ್ಕಂತಾಯಿತು. ಏನೂ ತಿಳಿಯಲಿಲ್ಲ, ಹಾಗೆಂದೇ ಹೇಳಿದೆ.

"ಖರೇ ಹೇಳಿದ್ರಿ. ನಾಳಿಂದ ಬರ್ರಿ, ಪ್ರೊಫೆಸರ್," ಅಂದರು. ಆ ಹೆಸರು ಗಂಜದ ತುಂಬ ಹಬ್ಬಿತು. ಕಡೆಯ ತನಕ ಹಮಾಲರೂ ನನ್ನನ್ನು ಹಾಗೇ ಕರೆದರು.

ಮೊದಲ ತಿಂಗಳ ಒಂದು ಅವಾಂತರ ನಿಮಗೆ ಉಪಯೋಗಕ್ಕೆ ಬೀಳಬಹುದು. ಈ ಪೆಟ್ಟಿಗೆಗಳ ಜೀವ ಒಂದು ಉದ್ದನೆಯ ಉಕ್ಕಿನ ಪಟ್ಟಿ. ಅದನ್ನು ಸುತ್ತಿ ಒಂದು ಡಬ್ಬಿಯಲ್ಲಿ ತುರುಕಿರುತ್ತಾರೆ. ಡಬ್ಬಿಯ ಮುಚ್ಚಳ ತೆರೆಯುವ ಮೊದಲು ಕೀಲಿ ಪೂರ್ತಿ ಇಳಿದಿದೆಯೇ ನೋಡಬೇಕು. ನಾನು ನೋಡಲಿಲ್ಲ, ಲೆಕ್ಕ ಹಾಕಿದೆ. ಇಷ್ಟು ಸುತ್ತು ಕೊಟ್ಟಿದ್ದೆ, ಇಷ್ಟು ಹೊತ್ತು ತಿರುಗಿದೆ, ಆದ್ದರಿಂದ ಇಳಿದಿದೆ. ಮುಚ್ಚಳ ಎತ್ತಿದೆ. ಪಟ್ಟಿ ಹಾವಿನಂತೆ ಹಾರಿ, ಉಸ್ತಾದರ ಟೋಪಿ ಎತ್ತಿಕೊಂಡು, ಚಾ ತಂದಿದ್ದವನ ಕೆಟಲಿಗೆ ಸುತ್ತಿಕೊಂಡು, ಓಣಿಯ ಆಚೆ ಹೋಗಿ ಬಿತ್ತು. ಚಾ ಎಲ್ಲರ ಮೇಲೂ ಸಮನಾಗಿ ಹಂಚಿಕೆಯಾಯಿತು. ಯಾರಿಗೂ ಪೆಟ್ಟಾಗಲಿಲ್ಲ ಎಂದು ನನ್ನ ನೆನಪು. ಟೋಪಿ ಮಾತ್ರ ಖಂಡಿತ ಹರಿಯಿತು. ಉಸ್ತಾದರು ಅದರ ತೂತಿನಿಂದ ನನ್ನನ್ನು ನೋಡುತ್ತ, "ಪ್ರೊಫೆಸರ್, ಸ್ಪ್ರಿಂಗ್ ನಿಮ್ಮ ಪುಸ್ತಕ ಓದಿಲ್ಲ," ಅಂದರು.

ಹಳೆಯ ಪೆಟ್ಟಿಗೆ ಹುಡುಕಿಕೊಂಡು ಊರೂರು ತಿರುಗುವುದೂ ನನ್ನ ಕೆಲಸವಾಗಿತ್ತು. ಭಾಲ್ಕಿಯ ಒಂದು ಹೋಟೆಲಿನಲ್ಲಿ ಜಿಲೇಬಿಯ ತಾಟಿನ ಪಕ್ಕ ಅತ್ಯುತ್ತಮವಾದ ಒಂದು ಪೆಟ್ಟಿಗೆ ತೆರೆದಿಟ್ಟಿದ್ದರು. ಅದರ ತಿರುಗುವ ತಟ್ಟೆಗೆ ನಾಲ್ಕು ಕಡ್ಡಿ ಕಟ್ಟಿ, ಕಡ್ಡಿಗೆ ಕಾಗದದ ಚೂರು ಕಟ್ಟಿ, ನೊಣ ಹೊಡೆಯುವ ಯಂತ್ರ ಮಾಡಿಕೊಂಡಿದ್ದರು. ಅದನ್ನು ಕೊಡಿ, ಬದಲಿಗೆ ಬೀಸಣಿಗೆ ತಂದುಕೊಡುತ್ತೇನೆ ಅಂದೆ. ಹೋಟೆಲಿನವರು ನನ್ನನ್ನು ಕನಿಕರದಿಂದ ನೋಡಿದರು. "ಬೀಸಣಿಕಿ ಯಾರ್ ಬೀಸಬೇಕ್ರಿ? ಇದಕ್ಕ ಒಮ್ಮಿ ಕೀಲಿ ಕೊಟ್ರ ಮೂರು ಗಿರಾಕಿ ಉಂಡು ಏಳ್ತಾರ." ನಾನು ಸೋತು, ಎರಡು ಜಿಲೇಬಿ ತಿಂದು ಬಂದೆ. ನೊಣ ಒಂದೂ ಇರಲಿಲ್ಲ ಅನ್ನುವುದನ್ನು ಒಪ್ಪಬೇಕು.

ಆಮೇಲೆ ಬಂತು ನನ್ನ ಪಟ್ಟೆ ತಟ್ಟೆ. ಆ ಹಳೆಯ ಪ್ಲೇಟುಗಳು, ಅಂದರೆ ರೆಕಾರ್ಡುಗಳು, ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗಬೇಕು. ಉಸ್ತಾದರು ಪ್ಲೇಟಿನ ಅಂಚಿಗೆ ಒಂದು ಕಾಗದದ ಚೂರು ಸಿಕ್ಕಿಸಿ, ಗಡಿಯಾರ ನೋಡುತ್ತ ಸುತ್ತು ಎಣಿಸುತ್ತಿದ್ದರು. ಮಧ್ಯೆ ಯಾರಾದರೂ ಸಲಾಮ್ ಅಂದರೆ ವಾಲೇಕುಂ ಅಂದು ಮತ್ತೆ ಒಂದರಿಂದ. ನನಗೆ ಇದು ನಾಚಿಕೆಗೇಡು ಅನಿಸಿತು. ದುಂಡನೆಯ ಕಾಗದದ ಅಂಚಿಗೆ ಎಪ್ಪತ್ತೇಳು ಕರಿ ಪಟ್ಟೆ ಬರೆದೆ. ಅದನ್ನು ತಿರುಗುವ ಪ್ಲೇಟಿನ ಮೇಲಿಟ್ಟು ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೋಡಬೇಕು. ಟ್ಯೂಬ್‌ಲೈಟು ನಮಗೆ ಕಾಣದಷ್ಟು ಬೇಗ ಮಿನುಗುತ್ತಿರುತ್ತದೆ. ವೇಗ ಸರಿಯಾಗಿದ್ದರೆ ಆ ಮಿನುಗಿಗೆ ಸಿಕ್ಕಿ ಪಟ್ಟೆಗಳು ನಿಂತಲ್ಲೇ ನಿಂತಂತೆ ಕಾಣುತ್ತವೆ. ಗಂಜದ ಅರ್ಧ ಜನ ನೋಡಲು ಬಂದರು. ತಿರುಗುತ್ತಿರುವುದು ನಿಂತಿರುವುದನ್ನು ಕಂಡು ಒಬ್ಬ ಹಮಾಲ ಕೈ ಮುಗಿದ. ಉಸ್ತಾದರು ಕಾಗದದ ಚೂರನ್ನು ಮಾತ್ರ ಎಸೆಯದೆ ಜೇಬಿನಲ್ಲಿಟ್ಟುಕೊಂಡರು.

ಅಷ್ಟರಲ್ಲಿ ಬರ ಬಂತು. ಎಪ್ಪತ್ತರ ದಶಕದ ಆ ಬರವನ್ನು ನಮ್ಮ ವಯಸ್ಸಿನವರು ಯಾರೂ ಮರೆತಿಲ್ಲ, ನಾನು ಮರೆತಿದ್ದರೂ ಇತರರು ನೆನಪಿಸುತ್ತಾರೆ. ಗಂಜದಲ್ಲಿ ತಕ್ಕಡಿಗಳು ಗಾಳಿಗೆ ತೂಗಾಡಿದವು. ಔರಾದ ಕಡೆಯ ಬಸ್ಸುಗಳು ತುಂಬಿ ಬಂದು ಖಾಲಿ ಹೋಗುತ್ತಿದ್ದವು. ಜನ ಗಂಟು ಮೂಟೆ ಕಟ್ಟಿಕೊಂಡು ಮುಂಬಯಿ, ಪುಣೆ, ಹೈದರಾಬಾದು ಅಂತ ಹೊರಟರು. ಹೊರಡುವ ಮೊದಲು ಕೆಲವರು ನಮ್ಮ ಅಂಗಡಿಗೆ ಬಂದರು. ಪಾತ್ರೆ ಹೊತ್ತುಕೊಂಡು ಹೋಗಬಹುದು, ಬಾಜಾ ಪೆಟ್ಟಿಗಿ ಹೊತ್ತುಕೊಂಡು ಜೋಪಡಿಯಲ್ಲಿ ಎಲ್ಲಿಡುವುದು?

ಔರಾದ ಹತ್ತಿರದ ಹಳ್ಳಿಯ ಸುಭದ್ರಾಬಾಯಿ ಬಂದದ್ದು ಚೆನ್ನಾಗಿ ನೆನಪಿದೆ. ಮೂವತ್ತು ದಾಟಿದ ಗಟ್ಟಿ ಹೆಂಗಸು. ಬೌದ್ಧರ ಮನೆತನ. ಅವಳ ಗಂಡ ಬದುಕಿದ್ದಾಗ ಆ ಪೆಟ್ಟಿಗೆಯಲ್ಲಿ ಮರಾಠಿ ಭೀಮಗೀತೆ ಹಾಕಿ ಮೆರವಣಿಗೆಯ ಮುಂದೆ ಹೋಗುತ್ತಿದ್ದನಂತೆ. ಈಗ ಅವಳು ತಮ್ಮನ ಜೊತೆ ಮುಂಬಯಿಗೆ ಕಟ್ಟಡದ ಕೆಲಸಕ್ಕೆ ಹೊರಟಿದ್ದಳು.

"ಚಾಚಾ, ಇದು ಅವರು ಮುಟ್ಟಿದ್ದು. ಬ್ಯಾರೇದು ಬ್ಯಾಡ, ಹೊಸಾದೂ ಬ್ಯಾಡ. ನಾ ಬಂದಾಗ ಇದs ಕೊಡಬೇಕು."

"ಇದs ಕೊಡ್ತೀನಿ, ಬೇಟಿ. ಇದು ನನ್ನ ಜಬಾನ್, ಮಾತು ಅಂದ್ರ ಮಾತು."

"ಚೀಟಿ?"

"ಜಬಾನ್ ಅಂದ್ನಲ್ಲ. ಚೀಟಿ ನೀರಾಗ ನೆನಿತದ."

ಅದೇ ವಾರ ಭಾಲ್ಕಿಯ ದೇವದಾಸಪ್ಪ ಬಂದರು. ಚರ್ಚಿನಲ್ಲಿ ಹಾಡು ಕಲಿಸುವವರು. ಅವರ ಬಾವಿ ಬತ್ತಿತ್ತು. ಹೈದರಾಬಾದಿನಲ್ಲಿ ನರ್ಸ್ ಆಗಿದ್ದ ಮಗಳ ಮನೆಗೆ ಹೊರಟಿದ್ದರು. ಅವರ ತಂದೆಯ ಕಾಲದ ಪೆಟ್ಟಿಗೆ ಅದು. ಅವರಿಗೂ ಅದೇ ಮಾತು, ಅದೇ ಜಬಾನು. ಹೀಗೆ ಅಟ್ಟದ ಮೇಲೆ ಪೆಟ್ಟಿಗೆ ಸೇರುತ್ತ ಹೋದವು. ಹನ್ನೊಂದು ಎಂದು ನನ್ನ ನೆನಪು. ಗಂಜದ ಗೆಳೆಯನೊಬ್ಬ ಒಂಬತ್ತು ಅನ್ನುತ್ತಾನೆ. ಅವನು ಎಣಿಸಿಲ್ಲ, ನಾನೂ ಎಣಿಸಿಲ್ಲ. ಹನ್ನೊಂದು ಅಂತಲೇ ಇಟ್ಟುಕೊಳ್ಳೋಣ.

ಉಸ್ತಾದರಿಗೆ ಹೆಸರು ಬರೆದಿಡುವ ರೂಢಿ ಇರಲಿಲ್ಲ. ಈ ಮೂಲೆ ಸುಟ್ಟದ್ದು ಜನವಾಡದವರದು, ಈ ಅರಿಶಿನದ ಬೆರಳಚ್ಚಿನದು ಗಂಜದ ಹಮಾಲನದು, ಈ ಇಲಿ ಕಡಿದದ್ದು ದೇವದಾಸಪ್ಪನವರದು ಎಂದು ಮುಖ ನೋಡಿಯೇ ಹೇಳುತ್ತಿದ್ದರು. ನನಗೂ ಹೇಳಿಕೊಟ್ಟಿದ್ದರು. ಆಮೇಲೆ ಅವರ ತಂಗಿಗೆ ಹುಷಾರಿಲ್ಲವೆಂದು ಜಹೀರಾಬಾದಿಗೆ ಹೋದರು. ಕೆಲವು ತಿಂಗಳು ಬರಲಿಲ್ಲ.

ಗಿರಾಕಿ ಇಲ್ಲದ ಅಂಗಡಿ, ಸುಮ್ಮನೆ ಕೂಡಲಾರದ ನಾನು, ಅಟ್ಟದ ಮೇಲೆ ಹನ್ನೊಂದು ಕೊಳಕು ಪೆಟ್ಟಿಗೆ. ಏನಾಯಿತೆಂದು ಬೇರೆ ಹೇಳಬೇಕೇ? ಮೊದಲು ಒಂದನ್ನು ಒರೆಸಿದೆ. ಅದು ಹೊಳೆದ ಹೊಳಪಿಗೆ ಪಕ್ಕದ್ದು ಅಸಹ್ಯವಾಗಿ ಕಂಡಿತು. ಅದನ್ನೂ ಒರೆಸಿದೆ. ಹರಿದ ಹೊದಿಕೆ ಕಿತ್ತು ಹಾಕಿದೆ. ಒಬ್ಬ ಬಟ್ಟೆ ವ್ಯಾಪಾರಿಯ ಬಳಿ ದಾಳಿಂಬೆ ಬಣ್ಣದ ರೆಕ್ಸಿನ್ನಿನ ಒಂದು ಇಡೀ ಥಾನು ಬಿದ್ದಿತ್ತು. ತಂದು ಹನ್ನೊಂದಕ್ಕೂ ಅದನ್ನೇ ಅಂಟಿಸಿದೆ. ಸವೆದ ಸ್ಪ್ರಿಂಗು, ಬಿರುಕುಬಿಟ್ಟ ಅಭ್ರಕದ ಬಿಲ್ಲೆ, ಹಲ್ಲು ಮುರಿದ ಚಕ್ರ ಎಲ್ಲ ಬದಲಿಸಿ, ಹಳೆಯ ಸಾಮಾನನ್ನು ಸೀಮೆಎಣ್ಣೆಯ ಒಂದೇ ಡಬ್ಬಿಗೆ ಸುರಿದೆ. ಕಡೆಗೆ ನನ್ನ ಪಟ್ಟೆ ತಟ್ಟೆ ಇಟ್ಟು ಹನ್ನೊಂದರ ವೇಗವನ್ನೂ ಕೂದಲೆಳೆಯಷ್ಟು ಆಚೀಚೆ ಇಲ್ಲದಂತೆ ಸಮ ಮಾಡಿದೆ. ಕೆಲಸ ಮುಗಿದ ದಿನ ಎಲ್ಲವನ್ನೂ ಸಾಲಾಗಿ ಇಟ್ಟು ಅವುಗಳ ಮುಂದೆ ನಾನೊಬ್ಬನೇ ಕುಣಿದೆ. ಹೌದು, ಕುಣಿದೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ, ಏಕೆಂದರೆ ಎದುರು ಅಂಗಡಿಯವರು ಇಂದಿಗೂ ಅಣಕಿಸುತ್ತಾರೆ.

ಉಸ್ತಾದರು ಮರಳಿ ಬಂದರು. ಬಾಗಿಲಲ್ಲೇ ನಿಂತರು. ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ನೋಡಿದರು.

"ಬಹಳ ಚಂದ ಆಗ್ಯಾವ," ಅಂದರು. ನಾನು ಉಬ್ಬಿದೆ. "ಹನ್ನೊಂದು ಮದುವಣಗಿತ್ತಿ, ಒಂದೇ ಸೀರಿ, ಒಂದೇ ಮುಸುಕು. ಈಗ ಹೇಳ್ರಿ ಪ್ರೊಫೆಸರ್, ಯಾವಾಕಿ ಯಾರ ಮನಿ ಸೊಸಿ?"

ಆ ಕ್ಷಣದ ತನಕ ಆ ಪ್ರಶ್ನೆ ನನ್ನ ತಲೆಗೇ ಬಂದಿರಲಿಲ್ಲ. ಸುಟ್ಟ ಮೂಲೆ ಇರಲಿಲ್ಲ. ಅರಿಶಿನ ಇರಲಿಲ್ಲ. ಇಲಿ ಕಡಿದ ಹೊದಿಕೆಯನ್ನು ನಾನೇ ಕಿತ್ತು ಒಲೆಗೆ ಹಾಕಿದ್ದೆ. ಸಾಲಿನ ಕ್ರಮ ನೆನಪಿದೆ ಎಂದು ಬಾಯಿ ಹಾಕಿದೆ. "ಮೊದಲನೇದು ಜನವಾಡದವರದು... ಅಥವಾ ಮೂರನೇದು."

ಉಸ್ತಾದರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕುರ್ಚಿಯ ಮೇಲೆ ಕುಳಿತು ಮೆಲ್ಲಗೆ ಹೇಳಿದರು: "ನಾ ಇವರಿಗೆಲ್ಲ ನಿಮ್ದೇ ನಿಮಗ ಕೊಡ್ತೀನಿ ಅಂದೇನಿ. ಒಂದು ಪೆಟ್ಟಿಗಿ ತಪ್ಪು ಮನಿಗಿ ಹೋತಂದ್ರ ಅಂಗಡಿ ಬೋರ್ಡು ಇಳಸ್ತೀನಿ. ಜಬಾನ್ ಇಲ್ಲದವಂಗ ದುಕಾನ್ ಯಾಕ ಬೇಕು?"

ತಮಾಷೆಯ ಮನುಷ್ಯ ತಮಾಷೆ ಇಲ್ಲದೆ ಹೇಳಿದ ಮಾತು ಅದು.

ಮಳೆ ಬಂತು. ಬಸ್ಸುಗಳು ಈಗ ತುಂಬಿ ಹೋಗಿ ಖಾಲಿ ಬರತೊಡಗಿದವು. ಮೊದಲು ಬಂದವನು ಜನವಾಡದ ಒಬ್ಬ ಮುದುಕ. ಉಸ್ತಾದರು ನಡೆದದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿ, ಒಂದೊಂದನ್ನೇ ನುಡಿಸಿ ತೋರಿಸಿದರು. ಮುದುಕ ಮೂರು ಪೆಟ್ಟಿಗೆ ಕೇಳಿ ಕಿವಿಗೆ ಬೆರಳಿಟ್ಟ.

"ಸಾಬ್ರ, ಇವು ಯಾವೂ ನಂದಲ್ಲ. ಹಾಡವಾಕಿಗಿ ಎಲ್ಲಾದ್ರಾಗೂ ನೆಗಡಿ ಆಗ್ಯಾದ."

"ಸಾಧ್ಯ ಇಲ್ಲ," ಅಂದೆ. ಪಟ್ಟೆ ತಟ್ಟೆ ಇಟ್ಟು ತೋರಿಸಿದೆ. ಈಗ ಪಟ್ಟೆಗಳು ನಿಲ್ಲಲಿಲ್ಲ! ಮೆಲ್ಲಗೆ ಹಿಂದಕ್ಕೆ ನಡೆಯುತ್ತಿದ್ದವು, ನನ್ನನ್ನು ಬಿಟ್ಟು ಹೋಗುವವರಂತೆ. ಉಸ್ತಾದರು ಜೇಬಿನಿಂದ ಕಾಗದದ ಚೂರು ತೆಗೆದರು. ಗಡಿಯಾರ ಇಟ್ಟರು. ಎಣಿಸಿದರು. ಎಪ್ಪತ್ತೈದು.

ಏನಾಗಿತ್ತು ಎಂದು ಹೊಳೆಯಲು ನನಗೆ ಒಂದು ದಿನ ಬೇಕಾಯಿತು. ಬರದ ದಿನಗಳಲ್ಲಿ ಕರೆಂಟು ಬರುತ್ತಿದ್ದುದೇ ಕಡಿಮೆ, ಬಂದಾಗಲೂ ಸೊರಗಿ ಬರುತ್ತಿತ್ತು. ಟ್ಯೂಬ್‌ಲೈಟು ಮಿನುಗಬೇಕಾದ್ದಕ್ಕಿಂತ ನಿಧಾನವಾಗಿ ಮಿನುಗಿದೆ. ಆ ನಿಧಾನದ ಮಿನುಗಿಗೆ ನಾನು ಹನ್ನೊಂದು ಪೆಟ್ಟಿಗೆಯನ್ನು ಹೊಂದಿಸಿದ್ದೇನೆ, ಕೂದಲೆಳೆಯಷ್ಟು ಆಚೀಚೆ ಇಲ್ಲದಂತೆ! ಮಳೆ ಬಂದು ಕರೆಂಟು ಸರಿಹೋದ ಮೇಲೆ ಅದು ಬಯಲಾಯಿತು. ಇದು ನನ್ನ ಊಹೆ. ಆಗ ಅಳೆಯುವ ಉಪಕರಣ ನನ್ನಲ್ಲಿರಲಿಲ್ಲ. ಉಸ್ತಾದರಿಗೆ ವಿವರಿಸಿದೆ. ಅವರು ನಕ್ಕ ನಗೆಗೆ ಎದುರು ಅಂಗಡಿಯವರು ಓಡಿ ಬಂದರು. "ಅಂದ್ರ ಬರ ನಿಮ್ಮ ಕಾಗದದಾಗೂ ಬಂದಿತ್ತು ಅನ್ರಿ!" ಬಹಳ ದಿನಗಳ ಮೇಲೆ ಅವರು ನಕ್ಕಿದ್ದರು. ಆ ನಗೆಯಲ್ಲೇ ಅವರಿಗೆ ದಾರಿ ಹೊಳೆದಿರಬೇಕು.

"ಚಲೋ ಮಾಡಿದ್ದು ಗುರ್ತು ಸಿಗಂಗಿಲ್ಲ. ಕೆಟ್ಟದ್ದು ಸಿಗತದ. ಎಲ್ಲಾರಿಗೂ ಕರೀರಿ. ಅವರವರ ಪೆಟ್ಟಿಗಿ ಹ್ಯಾಂಗ ಕೆಡ್ತಿತ್ತು, ಕೇಳ್ರಿ."

ಒಂದು ಶುಕ್ರವಾರ ನಮಾಜು ಮುಗಿದ ಮೇಲೆ ಎಲ್ಲ ಮನೆಯವರೂ ಅಂಗಡಿಯ ಮುಂದೆ ಸೇರಿದರು. ಅಂಥ ಕಚೇರಿಯನ್ನು ನಾನು ಬದುಕಿನಲ್ಲಿ ಮತ್ತೆ ಕೇಳಿಲ್ಲ. ಜನವಾಡದ ಮುದುಕ ಬಾಯಿ ಸೊಟ್ಟ ಮಾಡಿ, "ನಮ್ದು ಶುರು ಆಗೋವಾಗ ಖರ್ರ್... ಖರ್ರ್... ಅಂತ ಕ್ಯಾಕರಸ್ತಿತ್ರಿ, ನಮ್ಮ ಅಪ್ಪನಂಗ," ಅಂದ. ಗಂಜದ ಹಮಾಲ ಅವನನ್ನು ಸರಿಸಿ, "ನಮ್ದು ಹಂಗಲ್ರಿ, ಸುತ್ತಿಗೊಮ್ಮೆ ಟಕ್... ಟಕ್... ಕುಂಟ ಕುದುರಿ," ಎಂದು ಓಣಿಯಲ್ಲಿ ಕುಂಟುತ್ತ ಓಡಿ ತೋರಿಸಿದ. ಒಬ್ಬ ಅಜ್ಜಿ ಕೈ ಎತ್ತಿ, "ಕೀಲಿ ಕೊಡೋವಾಗ ಏಳನೇ ಸುತ್ತಿಗಿ ಕೋಳಿ ಕೂಗಿದಂಗ ಆಗ್ತಿತ್ತು," ಎಂದು ಕೂಗಿಯೇಬಿಟ್ಟಳು. ಅವಳ ಸೊಸೆ, "ಏಳಲ್ಲತ್ತೀ, ಒಂಬತ್ತು," ಅಂದಳು. ಅಲ್ಲೇ ಜಗಳ ಹತ್ತಿತು. ಕ್ಯಾಕರಿಕೆ, ಕುಂಟು, ಕೋಳಿ ಎಲ್ಲ ಒಟ್ಟಿಗೆ ಎದ್ದು, ದಾರಿಹೋಕರು ನಿಂತು, ಯಾರಿಗೋ ಹುಚ್ಚು ಹಿಡಿದಿದೆಯೆಂದು ಒಬ್ಬರು ನೀರು ತಂದರು.

ಇಲ್ಲಿ ನನ್ನ ಓದು ಮೊದಲ ಬಾರಿಗೆ ಕೆಲಸಕ್ಕೆ ಬಂತು. ಸುತ್ತಿಗೊಮ್ಮೆ ಟಕ್ ಅಂದರೆ ಚಕ್ರದ ಒಂದು ಹಲ್ಲು ಮುರಿದಿದೆ. ಕ್ಯಾಕರಿಸಿದರೆ ಸ್ಪ್ರಿಂಗಿನ ಎಣ್ಣೆ ಒಣಗಿ ಪಟ್ಟಿ ಪಟ್ಟಿಗೆ ಅಂಟಿದೆ. ಕೋಳಿ ಅಂದರೆ ಹ್ಯಾಂಡಲಿನ ತಿರುಪು ಸವೆದಿದೆ. ಸೀಮೆಎಣ್ಣೆಯ ಡಬ್ಬಿ ಸುರುವಿದೆ. ಹಳೆಯ ಸಾಮಾನು ಎಲ್ಲ ಅಲ್ಲೇ ಇತ್ತು. ಹಲ್ಲು ಮುರಿದ ಚಕ್ರವನ್ನು ಒಂದೊಂದೇ ಪೆಟ್ಟಿಗೆಗೆ ಹಿಡಿದು ನೋಡಿದೆ. ವರ್ಷಗಟ್ಟಲೆ ಜೊತೆಗಿದ್ದ ಚಕ್ರವೂ ಅಚ್ಚೂ ಒಂದರ ಸವೆತಕ್ಕೆ ಇನ್ನೊಂದು ಸವೆದಿರುತ್ತವೆ, ಬೇರೆಡೆ ಕೂಡುವುದಿಲ್ಲ. ಕೂಡಿದಲ್ಲಿ ಹಾಕಿ ಕೀಲಿ ಕೊಟ್ಟೆ. ಟಕ್ ಅಂದಿತು. ಹಮಾಲ ಎರಡೂ ಕೈ ಎತ್ತಿ, "ನಂದs!" ಎಂದು ಕಿರುಚಿದ. ಹೀಗೆ ತಿಂಗಳುಗಟ್ಟಲೆ ಸರಿ ಮಾಡಿದ್ದನ್ನು ಎರಡು ದಿನ ಕುಳಿತು ಸಂತೋಷದಿಂದ ಕೆಡಿಸಿದೆ. ದುರಸ್ತಿಯಷ್ಟೇ ಕಷ್ಟದ ಕೆಲಸ ಅದು. ಗುರುತು ಸಿಕ್ಕಮೇಲೆ ಮತ್ತೆ ಸರಿ ಮಾಡಿಕೊಡಲೇ ಎಂದು ಕೇಳಿದರೆ ಹೆಚ್ಚಿನವರು ಬೇಡವೆಂದರು. ಅಜ್ಜಿಯ ಕೋಳಿ ಎಂಟನೇ ಸುತ್ತಿಗೆ ಕೂಗಿತು. ಅತ್ತೆ ಸೊಸೆ ಇಬ್ಬರೂ ಗೆದ್ದಂತೆ ಹೋದರು.

ಕಡೆಗೆ ಎರಡು ಪೆಟ್ಟಿಗೆ, ಎರಡು ಮನೆಯವರು ಉಳಿದರು: ಸುಭದ್ರಾಬಾಯಿ, ದೇವದಾಸಪ್ಪ. ಇಬ್ಬರಿಗೂ ಅವರ ಪೆಟ್ಟಿಗೆಯ ದೋಷ ಏನೆಂದು ಕೇಳಿದೆ.

"ನಮ್ಮದಕ ಏನೂ ದೋಷ ಇರಲಿಲ್ಲ," ಅಂದಳು ಸುಭದ್ರಾಬಾಯಿ.

"ನಮ್ಮದಕ್ಕೂ ದೇವರ ದಯದಿಂದ ಏನೂ ಇರಲಿಲ್ರಿ," ಅಂದರು ದೇವದಾಸಪ್ಪ.

"ಸ್ವಲ್ಪನಾದರೂ?"

"ಯಾಕ್ರಿ, ಇಲ್ಲದ್ದು ಹುಟ್ಟಸಬೇಕೇನು?" ಅವಳು ಸೊಂಟಕ್ಕೆ ಕೈಯಿಟ್ಟಳು.

ಡಬ್ಬಿಯಲ್ಲಿ ಉಳಿದಿದ್ದ ಸಾಮಾನೂ ಸಾಕ್ಷಿ ಹೇಳಲಿಲ್ಲ. ಎರಡೂ ಒಂದೇ ಕಂಪನಿಯವು, ಒಂದೇ ಅಳತೆಯವು. ಯಾವುದನ್ನಾದರೂ ಕೊಟ್ಟುಬಿಡಿ, ಯಾರಿಗೆ ತಿಳಿಯುತ್ತದೆ ಎಂದು ಎದುರು ಅಂಗಡಿಯವರು ಉಸ್ತಾದರ ಕಿವಿಯಲ್ಲಿ ಹೇಳಿದರು. ಉಸ್ತಾದರು ತಲೆಯೆತ್ತಿ ತಮ್ಮ ಬೋರ್ಡನ್ನು ನೋಡಿದರು. ಏಣಿ ಎಲ್ಲಿದೆ ಎಂದು ಕೇಳುತ್ತಾರೇನೋ ಅನಿಸಿತು.

ಎರಡೂ ಪೆಟ್ಟಿಗೆಗಳ ಹಲಗೆ ಎತ್ತಿ ಮತ್ತೊಮ್ಮೆ ನೋಡಿದೆ. ವೇಗ ಹೆಚ್ಚು ಕಡಿಮೆ ಮಾಡುವ ಒಂದು ಸಣ್ಣ ಸನ್ನೆ, ಬೆರಳಿನಿಂದ ಸರಿಸುವ ಕಡ್ಡಿ, ಮೇಲ್ಗಡೆ ಇರುತ್ತದೆ. ಅದರ ಕೆಳತುದಿ ಒಳಗೆ ಒಂದು ಹಿತ್ತಾಳೆಯ ಪಟ್ಟಿಯ ಮೇಲೆ ಸರಿದಾಡುತ್ತದೆ. ಅದು ಹೊರಗೆ ಕಾಣುವುದಿಲ್ಲ, ಆದ್ದರಿಂದ ನಾನು ಒರೆಸಿರಲಿಲ್ಲ! ಪುಣ್ಯಕ್ಕೆ ನನ್ನ ಶ್ರದ್ಧೆ ಹೊರಗಣ್ಣಿನದಾಗಿತ್ತು. ಒಂದರ ಪಟ್ಟಿಯಲ್ಲಿ ನಿಧಾನದ ಕಡೆಗೆ ಉಗುರಿನಷ್ಟು ತಗ್ಗು. ಇನ್ನೊಂದರಲ್ಲಿ ಜೋರಿನ ಕಡೆಗೆ. ಎರಡೂ ಮನೆಯವರು ವರ್ಷಾನುಗಟ್ಟಲೆ ಸನ್ನೆಯನ್ನು ಒಂದೇ ಜಾಗದಲ್ಲಿ ಇಟ್ಟಿದ್ದಾರೆ. ಆದರೆ ಯಾರು ಎಲ್ಲಿ?

"ನಾವು ಅದಕ್ಕ ಮುಟ್ಟೇ ಇಲ್ಲ," ಅಂದರು ಇಬ್ಬರೂ ಒಟ್ಟಿಗೆ.

ಉಸ್ತಾದರು ಎದ್ದು ನಿಂತರು. "ಮುಟ್ಟಿಲ್ಲ, ಬಿಡ್ರಿ. ಪ್ಲೇಟು ತಂದೀರಲ್ಲ, ಈಗ ಹಾಕೋದು ಬ್ಯಾಡ. ಬೇಟಿ, ಪ್ಲೇಟಿನಾಗಿನ ಹಾಡು ನೀನs ಹಾಡು."

ಪೆಟ್ಟಿಗೆ ಜೋರಾಗಿ ತಿರುಗಿದರೆ ಸ್ವರ ಏರುತ್ತದೆ, ನಿಧಾನವಾದರೆ ಇಳಿಯುತ್ತದೆ; ಮನೆಯಲ್ಲಿ ಕೇಳಿ ರೂಢಿಯಾದ ಸ್ವರದಲ್ಲೇ ಅವರು ಹಾಡುತ್ತಾರೆ ಎಂಬುದು ಅವರ ಲೆಕ್ಕ. ನಾನು ಅಡ್ಡ ಹೋದೆ. ಮನುಷ್ಯರ ಸ್ವರ ಊಟಕ್ಕೆ ಬದಲಾಗುತ್ತದೆ, ಪ್ರಯಾಣಕ್ಕೆ ಬದಲಾಗುತ್ತದೆ; ಎರಡು ವರ್ಷ ಕೇಳದ ಹಾಡಿನ ಶ್ರುತಿ ಯಾರಿಗೆ ನೆನಪಿರುತ್ತದೆ? ನನಗೆ ಹನ್ನೊಂದು ಪೆಟ್ಟಿಗೆಯೇ ನೆನಪಿಲ್ಲ. ಇದು ಪುರಾವೆ ಆಗುವುದಿಲ್ಲ, ಅಂದೆ.

"ನಿಮ್ಮ ಪುರಾವೆ ನೋಡೇವಲ್ರಿ, ಪಟ್ಟಿ ಪಟ್ಟಿ ಕಾಗದದ್ದು," ಅಂದರು ಉಸ್ತಾದರು.

ಸುಭದ್ರಾಬಾಯಿ ಸೆರಗು ಸರಿ ಮಾಡಿಕೊಂಡು ಹಾಡಿದಳು. ನಾನು ಎದುರು ಅಂಗಡಿಯಿಂದ ತಂದ ಹಾರ್ಮೋನಿಯಂನಲ್ಲಿ ಅವಳು ಎತ್ತಿಕೊಂಡ ಸ್ವರದ ಮನೆಗೆ, ಬೆರಳಿಡುವ ಜಾಗಕ್ಕೆ, ಸೀಮೆಸುಣ್ಣದ ಗುರುತು ಹಾಕಿದೆ. ಅವಳನ್ನು ಓಣಿಯಲ್ಲಿ ಅಡ್ಡಾಡಿಸಿ ಮತ್ತೆ ಹಾಡಿಸಿದೆ. ಅದೇ ಮನೆ. ಚಾ ಕುಡಿಸಿ ಮೂರನೇ ಸಲ ಹಾಡಿಸಿದೆ.

"ಏನಣ್ಣಾ, ಕನ್ಯಾ ನೋಡ್ಲಿಕ್ಕ ಬಂದವರಂಗ ಹಾಡಸಾಕತ್ತೀರಿ! ಇನ್ನ ನಡದು ತೋರಸ್ಲೋ, ಅಕ್ಕಿ ಆರಸ್ಲೋ?" ಅಂದಳು. ಓಣಿಯೆಲ್ಲ ನಕ್ಕಿತು. ಮೂರನೇ ಸಲವೂ ಅದೇ ಮನೆ.

ದೇವದಾಸಪ್ಪ ಕನ್ನಡಕ ತೆಗೆದು, ಕಣ್ಣು ಮುಚ್ಚಿ, ತಮ್ಮ ಕೀರ್ತನೆ ಹಾಡಿದರು. ಮೂರು ಸಲ, ಅದೂ ಒಂದೇ ಮನೆ.

ಈಗ ಸನ್ನೆಗಳನ್ನು ಅವುಗಳ ತಗ್ಗಿನಲ್ಲಿ ಕೂಡಿಸಿ, ಮೊದಲು ಜೋರಿನ ಪೆಟ್ಟಿಗೆಗೆ ಸುಭದ್ರಾಬಾಯಿಯ ಪ್ಲೇಟು ಹಾಕಿದೆ. ಉಸ್ತಾದರು ಸೂಜಿ ಇಟ್ಟರು. ಸ್ವಲ್ಪ ಹೊತ್ತು ಸುಯ್ ಎಂಬ ಸದ್ದು. ಆಮೇಲೆ ಹಾಡು ಬಂತು. ನಾನು ಹಾರ್ಮೋನಿಯಂನ ಗುರುತಿನ ಮನೆ ಒತ್ತಿದೆ. ಹಾಡೂ ಸ್ವರವೂ ಒಂದರೊಳಗೊಂದು ಸೇರಿಕೊಂಡು ಬಿರುಕೇ ಉಳಿಯಲಿಲ್ಲ. ಸುಭದ್ರಾಬಾಯಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಇದs... ಇದs ಚಾಚಾ. ಅವರು ಇಷ್ಟs ಜೋರ ಇಡ್ತಿದ್ರು. ಮೆರವಣಿಗಿ ಕಾಲು ಎಳೀಬಾರದಂತ."

ಅದೇ ಪ್ಲೇಟನ್ನು ನಿಧಾನದ ಪೆಟ್ಟಿಗೆಗೆ ಹಾಕಿದೆ. ಹಾಡು ಗುರುತಿನಿಂದ ಕೆಳಗೆ ಜಾರಿತು. ದೇವದಾಸಪ್ಪನವರ ಕೀರ್ತನೆ ಅಲ್ಲಿ ಸರಿಯಾಗಿ ಕೂತಿತು. ಆಗ ಅವರಿಗೆ ನೆನಪಾಯಿತು. ಸಭೆಯ ಮುದುಕರಿಗೆ ಮೇಲಿನ ಸ್ವರ ಎಟುಕುವುದಿಲ್ಲವೆಂದು ಅವರ ತಂದೆ ಸನ್ನೆಯನ್ನು ನಿಧಾನಕ್ಕಿಟ್ಟು ಹಾಡನ್ನೇ ಕೆಳಗಿಳಿಸಿ ಕಲಿಸುತ್ತಿದ್ದರಂತೆ. "ನಮಗ ಅದs ಸರಿ ಅನಿಸ್ಯಾದ್ರಿ. ಹುಟ್ಟಿದಾಗಿಂದ ಹಂಗs ಕೇಳೀವಿ." ಎರಡೂ ತಪ್ಪು ವೇಗ, ಎರಡೂ ಅವರವರ ಮನೆಯಲ್ಲಿ ಸರಿ. ನಾನು ಅವೆರಡನ್ನೂ ಪುಸ್ತಕದ ಪ್ರಕಾರ ತಿದ್ದಿ, ಅದನ್ನೂ ತಪ್ಪಾಗಿ ತಿದ್ದಿದ್ದೆ.

ಇದನ್ನೇ ನಿಮಗೆ ಹೇಳಬೇಕಾಗಿತ್ತು. ಪೆಟ್ಟಿಗೆ ತಂದವರನ್ನು ಮೊದಲು ಕೂಡಿಸಿ, ಹಾಡಿಸಿ, ಅವರ ಸ್ವರವನ್ನು ಬರೆದಿಟ್ಟುಕೊಳ್ಳಿ. ಬಟ್ಟೆ ಆಮೇಲೆ.

ಆ ಸಂಜೆ ಸುಭದ್ರಾಬಾಯಿಯನ್ನೂ ಅವಳ ತಮ್ಮನನ್ನೂ ಬಸ್ಸಿಗೆ ಬಿಡಲು ಉಸ್ತಾದರೂ ನಾನೂ ಹೋದೆವು. ಔರಾದ ಬಸ್ಸು ತುಂಬಿತ್ತು. ಕಂಡಕ್ಟರು ಪೆಟ್ಟಿಗೆ ನೋಡಿ, "ಬಾಯಿ, ಲಗೇಜು ಮ್ಯಾಲ ಹಾಕ್ರಿ," ಅಂದ.

"ಎರಡು ವರ್ಷ ಅಟ್ಟದ ಮ್ಯಾಲs ಇತ್ತು. ಇನ್ನ ಮ್ಯಾಲ ಹಾಕಂಗಿಲ್ಲ. ತೊಡಿ ಮ್ಯಾಲ ಇಟ್ಕೋತೇನಿ."

"ಅಂಥಾದ್ದು ಏನದರಿ ಅದ್ರಾಗ?"

ಅವಳು ಮುಚ್ಚಳ ತೆರೆದಳು, ಕೀಲಿ ಕೊಟ್ಟಳು, ಪ್ಲೇಟು ಹಾಕಿ ಸೂಜಿ ಇಟ್ಟಳು. ಬಸ್ಸಿನ ಗದ್ದಲ ಒಂದೊಂದೇ ಸೀಟಿನಿಂದ ನಿಂತಿತು. ಕಂಡಕ್ಟರು ಚೀಲ ಹಿಡಿದುಕೊಂಡು ಹಾಗೇ ನಿಂತ. ಡ್ರೈವರು ತಿರುಗಿ ನೋಡಿ, ತಲೆಯಲ್ಲಾಡಿಸಿ, ಗಾಡಿ ಎಬ್ಬಿಸಿದ. ಬಸ್ಸು ಒಮ್ಮೆ ಕುಲುಕಿತು, ಸೂಜಿ ಹಾರಿತು, ಹಾಡು ಅರ್ಧ ಸಾಲಿಗೆ ನಿಂತಿತು. ಉಳಿದ ಅರ್ಧವನ್ನು ಬಸ್ಸು ಹಾಡಿತು. ಇಡೀ ಬಸ್ಸು ಎಂದು ನನ್ನ ನೆನಪು. ವಿಚಾರ ಮಾಡಿದರೆ ಅವಳೂ ಅವಳ ತಮ್ಮನೂ ಹಿಂದಿನ ಸೀಟಿನ ನಾಲ್ಕು ಜನರೂ ಇದ್ದಿರಬಹುದು. ಆದರೆ ಕಿಟಕಿಗಳಿಂದ ಹೊರಬಂದ ಕೈಗಳು ಅಷ್ಟೇ ಜನರವು ಆಗಿರಲಾರವು.

ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಉಸ್ತಾದರು ಅಲುಗಾಡದೆ ನಿಂತಿದ್ದರು. ಕಣ್ಣು ಒರೆಸಿಕೊಂಡರೋ ಧೂಳು ಒರೆಸಿಕೊಂಡರೋ ನಾನು ಖಚಿತವಾಗಿ ಹೇಳಲಾರೆ.

"ಹೋತು ನೋಡ್ರಿ, ಪ್ರೊಫೆಸರ್," ಅಂದರು. "ನನ್ನ ಜಬಾನ್ ತನ್ನ ಮನಿಗಿ ಹೋತು. ನಡೀರಿ, ಚಾ ಕುಡ್ಯೋಣ."